ಲಾಳಿಯ ಎಂಜಲು

ನನ್ನ ಅತ್ತೆಯ ಮನೆಯಲ್ಲಿ ಲೋಟಕ್ಕೆ ತುಟಿ ತಾಗಿಸುವುದು ಕಳ್ಳತನಕ್ಕಿಂತ ಒಂದೇ ಮೆಟ್ಟಿಲು ಕೆಳಗಿನ ತಪ್ಪು. ನಾನು ಮದುವೆಯಾಗಿ ಬಂದ ಮೊದಲ ವಾರವೇ ಇದು ಕಣ್ಣಾರೆ ತಿಳಿಯಿತು. ಮೆಟ್ಟುಪಾಳ್ಯಂನಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದ ದೂರದ ನೆಂಟರೊಬ್ಬರು ಬಿಸಿಲಲ್ಲಿ ನಡೆದು ಬಂದವರು, ಹಿತ್ತಾಳೆ ಲೋಟವನ್ನು ಬಾಯಿಗೇ ಇಟ್ಟು ಗಟಗಟ ಕುಡಿದುಬಿಟ್ಟರು. ಅವರು ಹೊರಡುವ ತನಕ ಅತ್ತೆಯ ಮುಖದಲ್ಲಿ ನಗು ಮಾಸಲಿಲ್ಲ. ಬೀದಿಯ ತಿರುವು ದಾಟಿದ್ದೇ ತಡ, ಲೋಟವನ್ನು ಸೆರಗಿನ ತುದಿಯಲ್ಲಿ ಹಿಡಿದು ಹಿತ್ತಲಿಗೆ ಒಯ್ದು, ಹುಣಸೆಹಣ್ಣು ಬೂದಿ ಹಾಕಿ ಮೂರು ಸಲ ತಿಕ್ಕಿ, ಸಾಲದೆ ಒಲೆಯ ಕೆಂಡದ ಮೇಲೆ ಬೋರಲು ಹಾಕಿದರು. ಅಷ್ಟಾದ ಮೇಲೂ ಆ ಲೋಟ ನಮ್ಮ ಅಡುಗೆಮನೆಗೆ ಮರಳಲಿಲ್ಲ; ಬೇಲಿಯ ಗಿಡಕ್ಕೆ ನೀರು ಹಾಕುವ ಕೆಲಸಕ್ಕೆ ಹೋಯಿತು.

ಅದೇ ಮನೆಯಲ್ಲಿ ದಿನಕ್ಕೆ ಐವತ್ತು ಸಲ, ಅರುವತ್ತು ಸಲ, ಒಂದೇ ಲಾಳಿ ನಾಲ್ವರ ಬಾಯಿಗೆ ಹೋಗಿ ಬರುತ್ತಿತ್ತು. ಅದನ್ನು ಯಾರೂ ಎಂಜಲು ಅನ್ನುತ್ತಿರಲಿಲ್ಲ.

ಮಗ್ಗ ನೋಡದವರಿಗೆ ಸ್ವಲ್ಪ ಹೇಳಬೇಕು. ಲಾಳಿ ಎಂದರೆ ಅಂಗೈಯಗಲಕ್ಕಿಂತ ಉದ್ದವಾದ, ಎರಡೂ ಕಡೆ ಮೊನೆಯಿರುವ ಮರದ ತುಂಡು. ಅದರ ಹೊಟ್ಟೆಯೊಳಗೆ ನೂಲು ಸುತ್ತಿದ ಕಂಡಿಕೆ ಕೂತಿರುತ್ತದೆ. ಕಂಡಿಕೆಯ ನೂಲಿನ ತುದಿ ಲಾಳಿಯ ಪಕ್ಕದಲ್ಲಿರುವ ಸಣ್ಣ ಕಣ್ಣಿನಿಂದ ಹೊರಗೆ ಬರಬೇಕು. ಬೆರಳಿಗೆ ಸಿಗದ ಆ ತುದಿಯನ್ನು ಹೊರಗೆ ತರುವ ಸುಲಭದ ದಾರಿ ಒಂದೇ: ಕಣ್ಣಿಗೆ ತುಟಿ ಹಚ್ಚಿ ಸರಕ್ಕನೆ ಉಸಿರು ಎಳೆಯುವುದು. ನೂಲು ನಾಲಿಗೆಯ ಮೇಲೆ ಬಂದು ಕೂರುತ್ತದೆ. ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗ, ನೆಲದ ಕುಣಿಯೊಳಗೆ ಕಾಲಿಳಿಬಿಟ್ಟು ನೇಯುವಂಥವು. ಒಂದರಲ್ಲಿ ಮಾವ, ಒಂದರಲ್ಲಿ ನನ್ನ ಯಜಮಾನರು. ಇಬ್ಬರಿಗೂ ಕಂಡಿಕೆ ಸುತ್ತಿ, ಲಾಳಿಗೆ ಹಾಕಿ, ನೂಲು ಎಳೆದು, ಕೈಗೆ ಕೊಡುವ ಕೆಲಸ ನನ್ನದು. ನಾನು ಒಲೆಯ ಹತ್ತಿರವಿದ್ದರೆ ಅತ್ತೆಯದು. ಅವಸರವಿದ್ದರೆ ಅವರವರೇ ಎಳೆದುಕೊಳ್ಳುತ್ತಿದ್ದರು.

ಬಂದ ಹೊಸತರಲ್ಲಿ ನಾನು ಲಾಳಿಯನ್ನು ಸೆರಗಿನಿಂದ ಒರೆಸಿದ್ದಕ್ಕೆ ಅತ್ತೆ ನಕ್ಕಿದ್ದರು. “ಅಡಿಯೇ, ಲಾಳಿ ಅಮ್ಮನ ಕೈಯದು. ಅದಕ್ಕೆ ಎಲ್ಲಿಂದ ಬಂತು ಎಂಜಲು?” ಅಮ್ಮ ಎಂದರೆ ನಮ್ಮ ಕುಲದೇವರು ಚೌಡಮ್ಮ. ನನ್ನ ತವರಿನಲ್ಲೂ ಇದೇ ನಡೆಯುತ್ತಿತ್ತು, ಆದ್ದರಿಂದ ಮತ್ತೆ ಒರೆಸಲಿಲ್ಲ.

ಇದು ಮೂವತ್ತರ ದಶಕದ ಮಾತು. ತುಡಿಯಲೂರಿನಿಂದ ಒಂದು ಹರದಾರಿ ಒಳಗೆ ನಮ್ಮ ನೇಯ್ಗೆಯವರ ಬೀದಿ. ಬೆಟ್ಟದ ಮೇಲಿಂದ ಕರೆಂಟು ಇಳಿದು ಬಂದು ಕೋಯಮುತ್ತೂರಿನಲ್ಲಿ ಒಂದರ ಹಿಂದೆ ಒಂದು ಗಿರಣಿ ಏಳುತ್ತಿದ್ದ ಕಾಲ. ಬೀದಿಗೆಲ್ಲ ಕನ್ನಡದ ಮನೆಗಳೇ, ಆದರೆ ಕನ್ನಡ ಅಕ್ಷರ ಬಲ್ಲವರು ಒಬ್ಬರೂ ಇಲ್ಲ. ನಾನು ತಮಿಳು ಸ್ಕೂಲಿನಲ್ಲಿ ಐದನೇ ಕ್ಲಾಸು ಮುಗಿಸಿದ್ದೆ. ಅದು ಆ ಬೀದಿಗೆ ದೊಡ್ಡ ಓದು. ಕನ್ನಡ ಅಕ್ಷರವನ್ನು ನಾನು ಕಲಿತದ್ದು ತಲೆ ನೆರೆಯಲು ಶುರುವಾದ ಮೇಲೆ.

ನಮಗೆ ನೂಲು ಕೊಡುವ ವರ್ತಕರು ಮದರಾಸಿನ ಒಂದು ತಮಿಳು ವಾರಪತ್ರಿಕೆ ತರಿಸುತ್ತಿದ್ದರು. ಓದಿ ಬಿಟ್ಟದ್ದನ್ನು ಯಜಮಾನರು ಸೀರೆ ಒಪ್ಪಿಸಲು ಹೋದಾಗ ಕೇಳಿ ತರುತ್ತಿದ್ದರು. ಅದರ ಕೊನೆಯ ಹಾಳೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ. ಆ ಹಾಳೆಗಾಗಿ ನಮ್ಮ ಜಗಲಿಯಲ್ಲಿ ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ರಾಟೆ ಸಮೇತ ಬಂದು ಕೂರುತ್ತಿದ್ದರು. ಗಂಡಸರು ಕಿಟಕಿಯಾಚೆ ಮಗ್ಗದಲ್ಲೇ ಕಿವಿ ಇಟ್ಟಿರುತ್ತಿದ್ದರು. ಅಚ್ಚಿನ ತಮಿಳು ಬಲು ಬಿಗಿ. ಸಂತೆಯ ತಮಿಳು ಬಲ್ಲವರಿಗೆ ಅದು ದಕ್ಕುತ್ತಿರಲಿಲ್ಲ. ಹಾಗಾಗಿ ನಾನು ಒಂದು ಸಾಲು ಮನಸ್ಸಿನಲ್ಲಿ ಓದಿಕೊಂಡು, ತಡವರಿಸಿ, ಮನೆಯ ಕನ್ನಡದಲ್ಲಿ ಹೇಳುತ್ತಿದ್ದೆ.

ಜನ ಏನೆಲ್ಲ ಕೇಳುತ್ತಿದ್ದರು! ನೂಲಿನ ಬೆಲೆ ಏರಿದರೂ ಸೀರೆಯ ಬೆಲೆ ಏಕೆ ಏರುವುದಿಲ್ಲ? ಮಗ್ಗ ಬಿಟ್ಟು ಗಿರಣಿ ಸೇರಿದವನ ಜಾತಿ ಕೆಡುತ್ತದೆಯೆ? ಕಾಫಿ ಕುಡಿದರೆ ಕಣ್ಣು ಮಂಜಾಗುತ್ತದೆಯೆ? ಚಿನ್ನ ಈಗ ಕೊಳ್ಳಲೋ ಆಮೇಲೋ? ಉತ್ತರ ಬರೆಯುವವರು ಯಾರೆಂದು ನಮಗೆ ಗೊತ್ತಿರಲಿಲ್ಲ. ಹಣದ ವಿಷಯಕ್ಕೆ ಒಬ್ಬರು, ಕಾಯಿಲೆಗೆ ಒಬ್ಬ ಡಾಕ್ಟರು, ಕಥೆ-ಕವನಕ್ಕೆ ಇನ್ನೊಬ್ಬರು ಎಂದು ಕೆಳಗೆ ಸಣ್ಣದಾಗಿ ಅಚ್ಚಾಗಿರುತ್ತಿತ್ತು. ನಮ್ಮ ಬೀದಿಯವರು ಅವರನ್ನೆಲ್ಲ ಒಂದೇ ಮನುಷ್ಯನೆಂದು ತಿಳಿದು “ಮದರಾಸಿನವನು” ಎನ್ನುತ್ತಿದ್ದರು. ಎದುರು ಮನೆಯಾಕೆ ಸೊಸೆಯ ಬಾಯಿ ಮುಚ್ಚಿಸುವ ಉಪಾಯವನ್ನೂ ಅವನನ್ನೇ ಕೇಳು ಎಂದು ನನ್ನ ಬೆನ್ನು ಹತ್ತಿದ್ದಳು.

ಕಾರ್ಡು ಬರೆಯುವವಳೂ ನಾನೇ, ಬಂದ ಉತ್ತರ ಓದುವವಳೂ ನಾನೇ. ಇಷ್ಟು ಅಧಿಕಾರ ಹತ್ತೊಂಬತ್ತರ ಹುಡುಗಿಯ ತಲೆಗೇರದೆ ಇರುತ್ತದೆಯೆ? ಉತ್ತರ ಸಪ್ಪೆ ಎನಿಸಿದರೆ ನಾನೇ ಒಂದಿಷ್ಟು ಉಪ್ಪುಖಾರ ಹಾಕುತ್ತಿದ್ದೆ. ಹೆಂಗಸರು ನಕ್ಕರೆ ಇನ್ನೊಂದು ಚಿಟಿಕೆ. ಯಾರಿಗೂ ಗೊತ್ತಾಗಲಿಲ್ಲ. ಒಮ್ಮೆ ಗುಟ್ಟಾಗಿ ನನ್ನದೇ ಒಂದು ಪ್ರಶ್ನೆ ಕಳಿಸಿದೆ: ಕಥೆ ಬರೆಯಲು ಏನು ಬೇಕು? ಎರಡೇ ಸಾಲಿನ ಉತ್ತರ ಅಚ್ಚಾಯಿತು. ಕೇಳುವವರಿಗೆ ನಿಜವೆನಿಸಬೇಕು, ಅಷ್ಟಾದರೆ ಸಾಕು, ಎಂದು. ನಾನು ಆ ಹಾಳೆಯನ್ನು ಕತ್ತರಿಸಿ ಅಕ್ಕಿ ಡಬ್ಬಿಯ ತಳದಲ್ಲಿ ಇಟ್ಟುಕೊಂಡೆ.

ಆ ವರ್ಷ ಮಳೆಗಾಲ ಕಳೆದ ಮೇಲೆ ಮಾವನಿಗೆ ಕೆಮ್ಮು ಹತ್ತಿತು. ನನ್ನ ಮಾವ ಸಣ್ಣ ಆಳು, ಮೆತ್ತನೆಯ ದನಿ. ನನ್ನನ್ನು ಈ ಸೀಮೆಯವರು ಮಗಳನ್ನು ಕರೆಯುವ ಹಾಗೆ “ಅಮ್ಮಿಣಿ” ಎಂದೇ ಕರೆಯುತ್ತಿದ್ದರು. ನಾನು ಓದುವಾಗ ಅವರ ಮಗ್ಗದ ಸದ್ದು ಮಾತ್ರ ನಿಂತಿರುತ್ತಿತ್ತು. ಯಜಮಾನರು ಕೋಯಮುತ್ತೂರಿನ ದೊಡ್ಡಾಸ್ಪತ್ರೆಗೆ ಹೋಗೋಣ ಎಂದು ದಿನವೂ ಹೇಳುತ್ತಿದ್ದರು. ಮಾವ ಜಗ್ಗಲಿಲ್ಲ. ಆಸ್ಪತ್ರೆಗೆ ಹೋದವರು ಬೆನ್ನ ಮೇಲೆ ಮಲಗಿಯೇ ಬರುತ್ತಾರೆ ಎಂಬ ಭಯ ಅವರಿಗೆ. ಕೊನೆಗೆ ಒಂದು ರಾಜಿಗೆ ಬಂದರು: ಮೊದಲು ಮದರಾಸಿನವನನ್ನು ಕೇಳೋಣ, ಅವನು ಹೋಗು ಅಂದರೆ ಹೋಗುತ್ತೇನೆ.

ಅತ್ತೆ ಬಾವಿಗೆ ಹೋದ ಹೊತ್ತು ನೋಡಿ ನನ್ನನ್ನು ಕರೆದು ಬರೆಸಿದರು. ಗಂಡಸು, ನೇಯ್ಗೆ ಕೆಲಸ, ಮೂರು ತಿಂಗಳ ಕೆಮ್ಮು, ಸಂಜೆಯಾದರೆ ಮೈ ಬೆಚ್ಚಗೆ, ಅಂಗಿ ಸಡಿಲವಾಗಿದೆ. ಆಮೇಲೆ ಬಾವಿಯ ಕಡೆಗೊಮ್ಮೆ ನೋಡಿದರು.

“ಇನ್ನೊಂದು ಬರಿ ಅಮ್ಮಿಣಿ. ಎರಡು ಸಲ ಉಗುಳಿದಾಗ ಕೆಂಪು ಕಂಡಿತು. ಎಲೆ ಅಡಿಕೆದೋ ಏನೋ. ಇದು ನಿಮ್ಮತ್ತೆಗೆ ತಿಳಿಬ್ಯಾಡ.”

ನಾನು ಅದನ್ನೂ ಬರೆದೆ. ಅಂದರೆ ಕೆಂಪು ಕಂಡದ್ದು ನನಗೆ ಗೊತ್ತಿತ್ತು.

ವಾರ ವಾರ ಪತ್ರಿಕೆ ಬಂತು. ಮಾವನ ಪ್ರಶ್ನೆ ಇಲ್ಲ. ಪ್ರತಿ ಸಲವೂ ಕಿಟಕಿಯಾಚೆಯಿಂದ “ನಮ್ಮದು ಬಂತಾ?” ಎಂಬ ಒಂದೇ ದನಿ. “ಇಲ್ಲ ಮಾವ” ಎಂದರೆ ಮಗ್ಗ ಮತ್ತೆ ಲಟಕ್ ಎನ್ನುತ್ತಿತ್ತು. ಜಗಲಿಯ ಹೆಂಗಸರು ಲೊಚಗುಟ್ಟುತ್ತಿದ್ದರು. ಪೊಂಗಲ್ ಮುಗಿದ ವಾರ, ಆ ದನಿ ಕೇಳುವ ಮೊದಲೇ ನನಗೆ ಸಂಕಟವಾಯಿತು. ಇವತ್ತೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹಬ್ಬದ ಖುಷಿಯೂ ಇತ್ತು, ಸೇರಿದ ಜನವೂ ಹೆಚ್ಚಿತ್ತು. “ಬಂದಿದೆ ಮಾವ!” ಎಂದುಬಿಟ್ಟೆ.

ಆಮೇಲೆ ಹೇಳುತ್ತಲೇ ಹೋದೆ.

“ಅಯ್ಯಾ, ನಿಮ್ಮದು ಎದೆಯ ಕೆಮ್ಮಲ್ಲ, ಹತ್ತಿಯ ಕೆಮ್ಮು. ಇಷ್ಟು ವರ್ಷ ನೂಲಿನ ಧೂಳು ನುಂಗಿದ ಗಂಟಲು ಒಂಚೂರು ಗೊಣಗಬ್ಯಾಡವಾ? ಕರುಪ್ಪಟ್ಟಿ ಬೆಲ್ಲಕ್ಕೆ ಒಣಶುಂಠಿ, ಮೆಣಸು ಹಾಕಿ ಕಾಯಿಸಿ ಕುಡೀರಿ. ಬೆಳಗಿನ ಬಿಸಿಲಿಗೆ ಎದೆ ಕೊಟ್ಟು ಕೂರಿ. ಮಗ್ಗ ಬಿಡಬ್ಯಾಡಿ, ಕೈ ನಿಂತರೆ ಉಸಿರಿಗೂ ಬ್ಯಾಸರ ಬರ್ತದೆ. ಯಾವ ಆಸ್ಪತ್ರೆಯೂ ಬ್ಯಾಡ. ಮೊಮ್ಮಗಳ ಮದುವೆ ಸೀರೆ ನೇಯೋ ಕೈ ನಿಮ್ಮದೇ.”

ಹೆಂಗಸರೆಲ್ಲ “ಆಹಾ” ಎಂದರು. ಎದುರು ಮನೆಯಾಕೆ ಕಣ್ಣೊರೆಸಿಕೊಂಡಳು. ನನಗೆ ಮೈಯೆಲ್ಲ ಪುಳಕ. ಮೊಮ್ಮಗಳ ಸೀರೆಯ ಮಾತು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ; ಅಷ್ಟು ಚೆನ್ನಾಗಿ ಒಂದು ವಾಕ್ಯ ನನ್ನ ಬಾಯಿಂದ ಅದುವರೆಗೂ ಬಂದಿರಲಿಲ್ಲ. ತುಸು ಹೊತ್ತಿನ ಮೇಲೆ ಒಳಗೆ ಮಾವನ ಮಗ್ಗ ಶುರುವಾಯಿತು. ಆ ಸಂಜೆಯೇ ಅತ್ತೆ ಕಷಾಯ ಕಾಯಿಸಿದರು. ಯಜಮಾನರು ಆಸ್ಪತ್ರೆಯ ಮಾತೆತ್ತಿದಾಗ “ಡಾಕ್ಟ್ರೇ ಯೋಳಿದ ಮೇಲೆ ನಿಂದೇನು?” ಎಂದು ಬಾಯಿ ಮುಚ್ಚಿಸಿದರು.

ನಿಜ ಹೇಳಬೇಕೆಂದರೆ ನನಗೆ ಒಂದು ದಿನವೂ ನಿದ್ದೆ ಕೆಡಲಿಲ್ಲ. ಕಷಾಯದಿಂದ ಕೆಮ್ಮು ಸಡಿಲಾಯಿತು ಎಂದು ಮಾವ ಹೇಳಿದಾಗ ನಾನೇ ಡಾಕ್ಟರು ಎಂಬಷ್ಟು ಬೀಗಿದೆ. ನನ್ನ ತಿಳಿಗೇಡಿತನಕ್ಕೆ ಈಗ ನನಗೇ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸುತ್ತದೆ.

ಯುಗಾದಿಗೆ ನಾಲ್ಕು ದಿನ ಇತ್ತು. ಜಗಲಿ ತುಂಬಿತ್ತು. ಹಾಳೆ ಬಿಡಿಸಿ ಕಣ್ಣಾಡಿಸಿದೆ. ಮೂರನೇ ಪ್ರಶ್ನೆಯ ಕೆಳಗೆ “ನೇಯ್ಗೆಯವರು, ಕೋಯಮುತ್ತೂರು ಜಿಲ್ಲೆ” ಎಂದಿತ್ತು. ಮೇಲೆ ನನ್ನದೇ ಮಾತುಗಳು, ಅಚ್ಚಿನಲ್ಲಿ. ಸಂಜೆ ಮೈ ಬೆಚ್ಚಗೆ. ಅಂಗಿ ಸಡಿಲ. ಎರಡು ಸಲ ಕೆಂಪು.

ಅದರ ಕೆಳಗಿನ ಉತ್ತರವನ್ನು ತುಟಿ ಬಿಚ್ಚದೆ ಓದಿಕೊಂಡೆ. ಇದು ಕ್ಷಯವೇ ಇರಬಹುದು. ಈ ಪತ್ರಿಕೆ ಕೈ ಸೇರಿದ ದಿನವೇ ಆಸ್ಪತ್ರೆಗೆ ಹೋಗಿ. ಕೆಲಸ ನಿಲ್ಲಿಸಿ. ಒಂದು ವಾರ ತಡಮಾಡಿದರೂ ತಪ್ಪು. ರೋಗಿಯ ಬಾಯಿಗೆ ತಾಗಿದ ಯಾವ ವಸ್ತುವೂ ಮನೆಯ ಬೇರೆಯವರ ಬಾಯಿಗೆ ಹೋಗಕೂಡದು.

ಒಂದು ವಾರ. ನಾನು ಮನಸ್ಸಿನಲ್ಲೇ ಎಣಿಸಿದೆ. ಪೊಂಗಲ್‌ನಿಂದ ಯುಗಾದಿ.

“ಏನೇ ಅದು, ಮೂಗಿ ಆದೆಯಾ? ಓದು” ಎಂದರು ಅತ್ತೆ. ಹಾಳೆ ಮಡಿಸಿ ಇವತ್ತು ಏನೂ ಚೆನ್ನಾಗಿಲ್ಲ ಅನ್ನಬೇಕೆಂದುಕೊಂಡೆ. ಒಲೆಗೆ ಹಾಕಿದರೆ ಆಯಿತು, ಯಾರಿಗೆ ತಿಳಿಯುತ್ತದೆ? ದೇವರಾಣೆಗೂ ಅಷ್ಟು ದೂರ ಯೋಚಿಸಿದೆ. ಅಷ್ಟರಲ್ಲಿ ಒಳಗಿನಿಂದ ಯಜಮಾನರು “ಲಾಳಿ!” ಎಂದು ಕೂಗಿದರು. ಪಕ್ಕದಲ್ಲಿ ಖಾಲಿ ಲಾಳಿ ಬಿದ್ದಿತ್ತು. ಈಗಷ್ಟೇ ಮಾವನ ಮಗ್ಗದಿಂದ ಬಂದದ್ದು. ಅಭ್ಯಾಸಬಲದಿಂದ ಕೈ ಅದನ್ನೆತ್ತಿಕೊಂಡು ಕಂಡಿಕೆ ಹಾಕಿತು. ತುಟಿಗೆ ತಂದೆ. ಲಾಳಿಯ ಕಣ್ಣಿನ ಸುತ್ತ ಮರ ಇನ್ನೂ ಒದ್ದೆಯಾಗಿತ್ತು.

ನನ್ನ ಬಾಯಿಯಿಂದ ಯಜಮಾನರ ಬಾಯಿಗೆ, ಅವರಿಂದ ಅತ್ತೆಗೆ, ಅತ್ತೆಯಿಂದ ಮಾವನಿಗೆ, ಮಾವನಿಂದ ನನಗೆ. ಆರು ತಿಂಗಳು.

ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ಓದಿದೆ. ಸಾಲು ಸಾಲಿಗೂ ತಡವರಿಸಿದೆ. ಕೆಂಪಿನ ಮಾತು ಬಂದಾಗ ಅತ್ತೆಯ ರಾಟೆ ನಿಂತಿತು. ಕೊನೆಯ ಸಾಲು ಮುಗಿದಾಗ ಎದುರು ಮನೆಯಾಕೆ, ಭಯಕ್ಕೋ ಏನೋ, ನಕ್ಕಳು. “ಬಾಯಿಗೆ ತಾಗಿದ್ದು ಕೊಡಬಾರದಂತೆ! ನಮಗೆ ಯೋಳ್ತಾನೆ ನೋಡು. ನಮ್ಮ ಬೀದೀಲಿ ಲೋಟ ಕಚ್ಚೋರು ಯಾರವ್ರೆ?”

ನಾನು ಲಾಳಿಯನ್ನು ಮೇಲೆತ್ತಿ ತೋರಿಸಿದೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬೊಬ್ಬರ ಮುಖವೂ ಬಣ್ಣಗೆಟ್ಟಿತು. ಒಬ್ಬಳು ಸೆರಗಿನಿಂದ ತನ್ನ ತುಟಿಯನ್ನು ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು. ನನ್ನ ಅತ್ತೆ, ಲೋಟವನ್ನು ಕೆಂಡಕ್ಕೆ ಹಾಕಿದ ನನ್ನ ಅತ್ತೆ, ಆ ಲಾಳಿಯನ್ನು ಹಾವು ಕಂಡವರಂತೆ ನೋಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಅವರಿಗೆ ನೆನಪಾಯಿತು. “ಪೊಂಗಲಿಗೆ ಇದೇ ಡಾಕ್ಟ್ರು ಕಷಾಯ ಸಾಕು ಅಂದನಲ್ಲ?”

“ಅದು ಡಾಕ್ಟ್ರು ಹೇಳಿದ್ದಲ್ಲ ಅತ್ತೆ,” ಎಂದೆ. “ನಾನೇ ಹೇಳಿದ್ದು. ಹಾಳೆಯಲ್ಲಿ ಇರಲಿಲ್ಲ.”

ಅತ್ತೆ ಕೈಯೆತ್ತಲಿಲ್ಲ, ಬೈಯಲಿಲ್ಲ. ಅವರು ಬೈಯಬೇಕಿತ್ತು. ಯಜಮಾನರು ಮಗ್ಗದ ಕುಣಿಯಿಂದ ಎದ್ದು ಬಾಗಿಲಿಗೆ ಬಂದು ನನ್ನನ್ನು ಗುರುತೇ ಇಲ್ಲದವರ ಹಾಗೆ ನೋಡಿದರು.

ಮಾರನೆಯ ಬೆಳಿಗ್ಗೆ ಎತ್ತಿನ ಬಂಡಿ ಕಟ್ಟಿ ಎಲ್ಲರೂ ಕೋಯಮುತ್ತೂರಿಗೆ ಹೋದೆವು. ಡಾಕ್ಟರು ಮಾವನ ಎದೆಗೆ, ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಮಿಕ್ಕ ಮೂವರನ್ನೂ ನೋಡಿದರು. ನಮ್ಮ ಎದೆ ಸದ್ಯಕ್ಕೆ ಶುದ್ಧವಾಗಿದೆ ಎಂದರು. ಅದನ್ನು ಕೇಳಿ ಅತ್ತೆ ನೆಲಕ್ಕೆ ಕುಸಿದು ಅತ್ತರು. ಮಾವನ ವಿಷಯಕ್ಕೆ ಡಾಕ್ಟರು ಯಜಮಾನರನ್ನು ಪಕ್ಕಕ್ಕೆ ಕರೆದರು. ನಾನು ಬಾಗಿಲಿನ ಹಿಂದೆ ನಿಂತು ಕೇಳಿದೆ. ಎರಡು ಮೂರು ತಿಂಗಳು ಮುಂಚೆ ಬಂದಿದ್ದರೆ ಕೆಲಸ ಬಿಡಿಸಿ, ಒಳ್ಳೆ ಊಟ, ಒಳ್ಳೆ ಗಾಳಿ ಕೊಟ್ಟು ನೋಡಬಹುದಿತ್ತು, ಎಂದರು. ಈಗ ಎದೆಯ ಎರಡು ಕಡೆಗೂ ಹಬ್ಬಿದೆ.

ಮಾವನ ಹಾಸಿಗೆ ಜಗಲಿಯ ಗಾಳಿ ಬರುವ ಮೂಲೆಗೆ ಬಂತು. ಯಜಮಾನರು ಮುರಿದ ಕೊಡೆಯ ಕಡ್ಡಿಯೊಂದನ್ನು ತೇದು, ತುದಿ ಬಗ್ಗಿಸಿ, ಲಾಳಿಯ ಕಣ್ಣಿನಿಂದ ನೂಲು ಎಳೆಯುವ ಕೊಕ್ಕೆ ಮಾಡಿದರು. ಅದರಲ್ಲಿ ಕೆಲಸ ನಿಧಾನ. ಉಸಿರಿಗೆ ಎಳೆದರೆ ಕಣ್ಣು ಮಿಟುಕಿಸುವಷ್ಟು ಹೊತ್ತು, ಕೊಕ್ಕೆಗೆ ಮೂರು ಪಟ್ಟು. ವಾರಕ್ಕೆ ಒಂದು ಸೀರೆ ಕಡಿಮೆ ಬಿತ್ತು, ವರ್ತಕರು ಮುಖ ಗಂಟಿಕ್ಕಿದರು. ಅತ್ತೆ ಜಗ್ಗಲಿಲ್ಲ. ಹಳೆಯ ಲಾಳಿಗಳನ್ನೆಲ್ಲ ಒಲೆಗೆ ಹಾಕಿಸಿದವರು ಅವರೇ. ಬೀದಿಯಲ್ಲಿ ಮೂರು ಮನೆಯವರು ನಮ್ಮ ಕೊಕ್ಕೆ ನೋಡಿ ಮಾಡಿಸಿಕೊಂಡರು. ಮಿಕ್ಕವರು ಯುಗಾದಿ ಮುಗಿಯುತ್ತಲೇ ಹಳೆಯದಕ್ಕೆ ಮರಳಿದರು. ನಾನು ಮನೆ ಮನೆಗೆ ಹೋಗಿ ಹೇಳಿದೆ. “ನಿನ್ನ ಮಾತು ನಂಬೋದು ಹ್ಯಾಂಗೆ ತಾಯಿ? ಇದೂ ಹಾಳೇಲಿ ಇದೆಯೋ, ನಿಂದೋ?” ಎಂದು ಒಬ್ಬಾಕೆ ಮುಖಕ್ಕೇ ಕೇಳಿದಳು. ಆ ಮನೆಯಲ್ಲಿ ಮುಂದೆ ಇಬ್ಬರು ಅದೇ ಕೆಮ್ಮಿನಲ್ಲಿ ಹೋದರು. ಅದೂ ನನ್ನ ತಲೆಯ ಮೇಲೇ ಇದೆ.

ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಶುರುವಾದಾಗ ಮಾವ ಎದ್ದು ಕೂರುವುದೂ ಕಷ್ಟವಾಗಿತ್ತು. ಒಂದು ಬೆಳಿಗ್ಗೆ ನಾನು ಅವರ ಬೇರೆ ತಟ್ಟೆಗೆ ಗಂಜಿ ಹುಯ್ದು, ಪಕ್ಕದಲ್ಲಿ ಕೂತೆ. ಅಷ್ಟು ದಿನವೂ ಕ್ಷಮೆ ಕೇಳಬೇಕೆಂದು ಬಾಯಿ ತೆರೆದು, ಮುಚ್ಚಿ, ಬೇಸತ್ತಿದ್ದೆ. ಅವತ್ತು ಕೇಳಿಯೇಬಿಟ್ಟೆ. “ಮಾವ, ಪೊಂಗಲಿಗೆ ನಾನು ಸುಳ್ಳು ಹೇಳದಿದ್ದರೆ ನೀವು ಆಸ್ಪತ್ರೆಗೆ ಹೋಗ್ತಿದ್ದಿರಿ.”

ಅವರು ನಕ್ಕರು. ನಕ್ಕರೆ ಕೆಮ್ಮು ಬರುತ್ತಿತ್ತು, ಅದು ನಿಲ್ಲುವ ತನಕ ಕಾದರು.

“ಅವತ್ತೇ ಗೊತ್ತಾಯ್ತು ಅಮ್ಮಿಣಿ.”

“ಏನು ಗೊತ್ತಾಯ್ತು?”

“ಹಾಳೆ ಓದುವಾಗ ನೀನು ತಡವರಿಸ್ತೀಯ. ತಮಿಳು ನೋಡಬೇಕು, ಕನ್ನಡ ಯೋಳಬೇಕು, ನಾಕು ಮಾತಿಗೊಂದು ಸಲ ನಿಲ್ತೀಯ. ಅವತ್ತು ಒಂದು ಕಡೇನೂ ನಿಲ್ಲಲಿಲ್ಲ. ನೂಲು ಬಂದ ಹಾಗೆ ಬಂತು. ನಲವತ್ತು ವರ್ಷ ಸದ್ದು ಕೇಳ್ಕೊಂಡು ನೇಯ್ದೋನು ನಾನು, ಇದು ತಿಳಿಯಲ್ವಾ?”

“ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಮಾವ?” ನಾನು ಹೆಚ್ಚು ಕಡಿಮೆ ಕಿರುಚಿದೆ. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ನನ್ನ ತಪ್ಪನ್ನು ಅವರು ನನ್ನ ಕೈಯಿಂದ ಕಿತ್ತುಕೊಂಡರೋ, ಎರಡರಷ್ಟು ಮಾಡಿದರೋ ತಿಳಿಯದೆ ಉರಿದುಹೋದೆ.

ಅವರು ಹೊರಗೆ ಬೀದಿಯ ಕಡೆ ನೋಡಿದರು. ಯಾರೋ ಮಗ್ಗದ ಹಾಸುನೂಲಿಗೆ ಗಂಜಿ ಹಚ್ಚಿ ಉದ್ದಕ್ಕೆ ಒಣಗಲು ಕಟ್ಟುತ್ತಿದ್ದರು.

“ಚೆನ್ನಾಗಿತ್ತು,” ಎಂದರು. “ನನಗೆ ಅಷ್ಟು ಚೆನ್ನಾಗಿ ಯಾರೂ ಯೋಳಿರಲಿಲ್ಲ.” ಆಮೇಲೆ ಚೌಕಾಸಿ ಮಾಡುವವರ ದನಿಯಲ್ಲಿ, “ಆ ಸೀರೆ ಮಾತು ಬರ್ತದಲ್ಲ ಕೊನೇಲಿ. ಮೊದಲಿಂದ ಇನ್ನೊಂದು ಸಲ ಯೋಳು.”

ಇಷ್ಟು ವರ್ಷ ನಾನು ಏನೇನೋ ಬರೆದಿದ್ದೇನೆ. ಚೆನ್ನಾಗಿದೆ ಎಂದವರೂ ಇದ್ದಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಮೊದಲು ಆಗುವುದು ಹೆದರಿಕೆ.

ಅವತ್ತು ಒಲ್ಲೆ ಎನ್ನಬಹುದಿತ್ತು. ಎದ್ದು ಒಳಗೆ ಹೋಗಬಹುದಿತ್ತು. ಮಾವ ಕಣ್ಣು ಮುಚ್ಚಿ, ಹೊದಿಕೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದರು. “ಅಯ್ಯಾ, ನಿಮ್ಮದು ಎದೆಯ ಕೆಮ್ಮಲ್ಲ, ಹತ್ತಿಯ ಕೆಮ್ಮು” ಎಂದು ಶುರುಮಾಡಿದೆ. ಮೊಮ್ಮಗಳ ಸೀರೆಯ ತನಕ ಹೇಳಿದೆ. ಎಲ್ಲಿಯೂ ತಡವರಿಸಲಿಲ್ಲ.